ಅತ್ತೆಯ ಕಾಲಿಗೆ ಅಂಟಿದ ತೊಗಲು

ಗಯೆಗೆ ಹೋದವರು ತಮಗೆ ಇಷ್ಟವಾದ ಒಂದು ಪದಾರ್ಥವನ್ನು ಅಲ್ಲಿಯೇ ಬಿಟ್ಟು ಬರಬೇಕೆಂಬ ಪದ್ಧತಿ ನಮ್ಮವರಲ್ಲಿ ಉಂಟು. ಒಮ್ಮೆ ಬಿಟ್ಟರೆ ಬಿಟ್ಟ ಹಾಗೆ, ಮತ್ತೆ ಜೀವವಿರುವ ತನಕ ಅದನ್ನು ಬಾಯಿಗೆ ಹಾಕುವಂತಿಲ್ಲ. ಇದರಲ್ಲಿಯೂ ಉಪಾಯಗಾರರಿದ್ದಾರೆ. ನನ್ನ ಸೋದರಮಾವ ಹಾಗಲಕಾಯಿ ಬಿಟ್ಟು ಬಂದರು. ಅವರು ಅದನ್ನು ಬಾಳೆಲೆಯ ತುದಿಗೆ ಸರಿಸಿದ್ದನ್ನೇ ಹೊರತು ತಿಂದದ್ದನ್ನು ಕಂಡವರಿಲ್ಲ! ನನ್ನ ಅತ್ತೆಗೆ ಅಂಥ ಉಪಾಯ ಹೊಳೆಯಲಿಲ್ಲ, ಹೊಳೆದಿದ್ದರೂ ಮಾಡುವವರಲ್ಲ. ಗಂಡನ ತಂದೆ, ಅಂದರೆ ನನ್ನ ಮಾವ, ತೀರಿಕೊಂಡ ಮರುವರ್ಷ ದೊಡ್ಡ ಮಗನ ಜೊತೆ ಹೋಗಿ ಅವರು ಹಾಲು ಬಿಟ್ಟು ಬಂದರು. ಹಾಲಿನ ಹಿಂದೆಯೇ ಮೊಸರು, ಮಜ್ಜಿಗೆ, ಕಾಫಿ ಎಲ್ಲವೂ ಹೋದವು. ಮಾವನಿಗೆ ಮೊಸರನ್ನವಿಲ್ಲದೆ ಊಟ ಮುಗಿಯುತ್ತಿರಲಿಲ್ಲವಂತೆ. “ಅವರಿಗಿಲ್ಲದ ಮೊಸರು ನಂಗೆಂತಕ್ಕೆ?” ಎಂದರಂತೆ ಅತ್ತೆ. ಆ ಮೇಲೆ ಯಾರೂ ಅದರ ಮಾತೆತ್ತಲಿಲ್ಲ.

ನಾನು ಆ ಮನೆಗೆ ಸೊಸೆಯಾಗಿ ಬಂದದ್ದು ಐವತ್ತರ ದಶಕದ ನಡುವಿನಲ್ಲಿ. ಕುಂದಾಪುರದ ಕಡೆಯವರು ನಾವು. ಸಂಸಾರ ಮಾತ್ರ ಮದರಾಸಿನ ಹೊರಗೆ ಕ್ರೋಂಪೇಟೆಯಲ್ಲಿ. ನಮ್ಮ ಯಜಮಾನರು ರೈಲು ಸ್ಟೇಷನ್ನಿನ ಎದುರು ಸಣ್ಣದೊಂದು ಟಿಫಿನ್ ಹೋಟೆಲು ನಡೆಸುತ್ತಿದ್ದರು. ಎಲೆಕ್ಟ್ರಿಕ್ ಟ್ರೇನಿನಿಂದ ಇಳಿದವರು ಇಡ್ಲಿ ತಿಂದು, ಕಾಫಿ ಕುಡಿದು ಕೆಲಸಕ್ಕೆ ಹೋಗುತ್ತಿದ್ದರು. ಮನೆ ಹೋಟೆಲಿನ ಹಿಂದಿನ ಬೀದಿಯಲ್ಲಿ. ಗಾಳಿ ಆ ಕಡೆಯಿಂದ ಬೀಸಿದರೆ ತೊಗಲು ಹದ ಮಾಡುವ ಕಾರ್ಖಾನೆಯ ವಾಸನೆ ನೇರವಾಗಿ ಅಡಿಗೆಮನೆಗೇ ಬರುತ್ತಿತ್ತು. ಮೊದಮೊದಲು ಸೆರಗನ್ನು ಮೂಗಿಗೆ ಒತ್ತಿಕೊಂಡು ಸಾರು ಕುದಿಸುತ್ತಿದ್ದೆ, ಆಮೇಲೆ ನನ್ನ ಮೂಗೂ ಆ ಊರಿನದೇ ಆಯಿತು.

ಒಂದು ವರ್ಷ ಕಳೆದು ಅತ್ತೆಯೂ ನಮ್ಮಲ್ಲಿಗೆ ಬಂದರು. ಬೋಳಿಸಿದ ತಲೆ, ಕೆಂಪು ಸೀರೆ, ಕಟ್ಟುನಿಟ್ಟಿನ ಮಡಿ. ಆದರೆ ಬಾಯಿಗೆ ಮಾತ್ರ ಯಾವ ಕಟ್ಟುನಿಟ್ಟೂ ಇರಲಿಲ್ಲ! ನಾನೋ ಮೊದಲೇ ಸಿಡುಕಿ. ಇಬ್ಬರೂ ಬೆಳಿಗ್ಗೆಯಿಂದ ಸಂಜೆಯ ತನಕ ಮಾತಿಗೆ ಮಾತು ಕೊಡುತ್ತಿದ್ದೆವು. ನೋಡಿದವರು ಜಗಳ ಎಂದುಕೊಳ್ಳಬೇಕು, ನಮಗದು ಹೊತ್ತು ಕಳೆಯುವ ದಾರಿ. ಮಧ್ಯಾಹ್ನ ಅವರು ಬಾಗಿಲ ಬಳಿ ಕೂತು ದೀಪಕ್ಕೆ ಹೂಬತ್ತಿ ಮಾಡುತ್ತಿದ್ದರು. ಬೆರಳಿಗೆ ಒಂದಿಷ್ಟು ಹಾಲು ಮುಟ್ಟಿಸಿ ಹತ್ತಿ ಹೊಸೆಯುವುದು ಎಲ್ಲರ ಕ್ರಮ, ಅವರು ಅದಕ್ಕೂ ನೀರನ್ನೇ ಮುಟ್ಟಿಸುತ್ತಿದ್ದರು. ಆದರೂ ಅವರ ಬತ್ತಿ ಮಲ್ಲಿಗೆ ಮೊಗ್ಗಿನಷ್ಟು ಚೊಕ್ಕ. ನಾನು ಮಾಡಿದ್ದನ್ನು ಎತ್ತಿ ಹಿಡಿದು, “ಇದು ದೀಪಕ್ಕಾ, ಗಾಯಕ್ಕೆ ಕಟ್ಟಲಿಕ್ಕಾ?” ಎಂದು ಕೇಳುತ್ತಿದ್ದರು.

ಇಂಥ ಅತ್ತೆ ಬದಲಾದದ್ದು ಒಂದೇ ದಿನದಲ್ಲಿ ಅಲ್ಲ. ಹಾಗಾಗಿದ್ದರೆ ನಮಗೂ ತಿಳಿಯುತ್ತಿತ್ತು. ಅರವತ್ತನೆಯ ಇಸವಿಯ ಸುಮಾರಿಗೆ ಮಾತು ಕಡಿಮೆಯಾಯಿತು. ಮೂಲೆಯಲ್ಲಿ ಕೂತರೆ ಕೂತಲ್ಲಿಯೇ. ಬತ್ತಿಗಳು ದಪ್ಪ, ವಕ್ರ, ಕೆಲವು ಹೊಸೆದ ಕೂಡಲೇ ಬಿಚ್ಚಿಕೊಳ್ಳುತ್ತಿದ್ದವು. ವಯಸ್ಸಾಯಿತು ಎಂದುಕೊಂಡೆವು. ಆಮೇಲೆ ಒಂದು ದಿನ ಊಟಕ್ಕೆ ಕೂತವರು ಸಾರನ್ನ ಬಾಯಿಗಿಟ್ಟು ಥೂ ಎಂದು ಉಗುಳಿದರು.

“ಎಂತ ಹಾಕಿದ್ದಿ ಇದಕ್ಕೆ? ನಾಲಿಗೆ ಸುಟ್ಟು ಹೋಯ್ತು.”

“ಮೆಣಸೇ ಹಾಕಲಿಲ್ಲ ಅತ್ತೆ, ಬರೀ ಜೀರಿಗೆ, ಕೊತ್ತಂಬರಿ.”

“ಸುಳ್ಳು! ನಂಗೆ ಗೊತ್ತುಂಟು. ನನ್ನ ಮುಗಿಸಲಿಕ್ಕೆ ಮದ್ದು ಹಾಕ್ತಾ ಇದ್ದಿ.”

ನಾನು ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ಮರುದಿನದಿಂದ ತಮ್ಮದೇ ಸಣ್ಣ ಪಾತ್ರೆಯಲ್ಲಿ ಉಪ್ಪು ಹಾಕದ ಗಂಜಿ ಬೇಯಿಸಿಕೊಂಡು, ಆ ಪಾತ್ರೆಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಕೂರತೊಡಗಿದರು. ನಾನು ಆ ಕಡೆ ಹಾದರೆ ಸಾಕು, ಕಣ್ಣು ನನ್ನ ಕೈಯ ಮೇಲೆ. ಕೈ ಹಿಡಿದು ಅಡಿಗೆ ಕಲಿಸಿದವರೇ ಆ ಕೈಗೆ ಹೆದರುವುದನ್ನು ನೋಡುವ ಕಷ್ಟ ಬೇಡಪ್ಪ. ಮದುವೆಯಾಗಿ ಎಷ್ಟೋ ಕಾಲಕ್ಕೆ ನಾನು ಆಗ ಬಸಿರಿಯಾಗಿದ್ದೆ. ಸಂತೋಷಪಡಬೇಕಾದ ದಿನಗಳಲ್ಲಿ ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಅಳುತ್ತಿದ್ದೆ.

ಇನ್ನು ಸ್ನಾನದ ಕಥೆ. ಅತ್ತೆ ಬೆಳಿಗ್ಗೆ ಮಿಂದು, ಮಡಿಯುಟ್ಟು, ನಾಲ್ಕು ಹೆಜ್ಜೆ ನಡೆಯುವುದೇ ತಡ, ನಿಂತು ಅಂಗಾಲು ನೋಡಿಕೊಳ್ಳುತ್ತಿದ್ದರು. “ಕಾಲಿಗೆ ತೊಗಲು ಅಂಟಿಕೊಂಡಿದೆ” ಎನ್ನುತ್ತಿದ್ದರು. ಮತ್ತೆ ಬಾವಿಕಟ್ಟೆಗೆ, ಮತ್ತೆ ಕೊಡದ ಮೇಲೆ ಕೊಡ ನೀರು. ಒರೆಸಿಕೊಂಡು ಒಳಗೆ ಬಂದರೆ ಪುನಃ ಅದೇ. “ಕಾಣ್ ಮಾರಾಯ್ತಿ, ದಪ್ಪ ತೊಗಲು. ನೆಲ ಕಾಲಿಗೆ ತಾಗುದೇ ಇಲ್ಲ. ಮಡಿ ಕೆಟ್ಟೋಯ್ತು.” ನಾನು ಬಗ್ಗಿ ನೋಡಿದರೆ ನೀರಲ್ಲಿ ನೆಂದು ಬಿಳಿಚಿದ ಪಾದ, ಮತ್ತೇನಿಲ್ಲ. ದಿನವಿಡೀ ಒದ್ದೆ ಸೀರೆಯಲ್ಲಿ ನಡುಗುತ್ತಿದ್ದರು, ನಡೆಯುವಾಗ ಗೋಡೆ ಹಿಡಿಯುತ್ತಿದ್ದರು.

ಇದಕ್ಕೆ ಕಾರಣ ಹೇಳಲು ಬಾರದವರು ನಮ್ಮ ಬೀದಿಯಲ್ಲಿ ಯಾರೂ ಇರಲಿಲ್ಲ. ಪಕ್ಕದ ಮನೆಯ ತಮಿಳು ಹೆಂಗಸು “ಪೇಯ್ ಪಿಡಿಚ್ಚಿರುಕ್ಕು” ಎಂದು ದೆವ್ವದ ಮೇಲೆ ಹಾಕಿದಳು. ನಮ್ಮ ಯಜಮಾನರು ಊರನ್ನೇ ದೂರಿದರು. ಮಡಿ ಹೆಂಗಸನ್ನು ತೊಗಲಿನ ವಾಸನೆಯ ನಡುವೆ ತಂದು ಕೂರಿಸಿದ್ದಕ್ಕೆ ಅಮ್ಮನ ತಲೆ ಕೆಟ್ಟಿತು ಎಂಬುದು ಅವರ ಕೊರಗು. ನನಗೂ ಅದು ನಿಜವೆನ್ನಿಸಿತ್ತು. ಮೂಗಿಗೆ ಬಡಿದ ತೊಗಲೇ ಕಾಲಿಗೂ ಇಳಿದಿದೆ ಎಂದರೆ ಸರಿಹೋಗುತ್ತದಲ್ಲ! ಆದರೆ ಕೊಯಮತ್ತೂರಿನಲ್ಲಿದ್ದ ಯಜಮಾನರ ಅಣ್ಣ, ನನ್ನ ಭಾವ, ಮಾವನ ಶ್ರಾದ್ಧಕ್ಕೆ ಬಂದವರು ಬೇರೆ ಕಾರಣ ಕಂಡುಹಿಡಿದರು. ಶ್ರಾದ್ಧದ ದಿನವೇ ಅತ್ತೆ ಬಾವಿಕಟ್ಟೆಯಿಂದ ಏಳದೆ ಹಟ ಹಿಡಿದಿದ್ದರು. ಭಾವ ಜಗಲಿಯಲ್ಲಿ ಕೂತು, ನನಗೆ ಕೇಳುವಷ್ಟು ಗಟ್ಟಿಯಾಗಿ ತಮ್ಮನಿಗೆ ಹೇಳಿದರು:

“ಸೊಸೆಯ ಬಾಯಿ ಜೋರಾದ ಮನೆಯಲ್ಲಿ ಬೇರೆ ದೆವ್ವ ಬೇಕಾ? ಇನ್ನು ಹೀಗೆ ಬಿಟ್ಟರೆ ಅಮ್ಮ ಬಾವಿಗೇ ಬೀಳುದು. ದೀಪಾವಳಿಗೆ ಬರ್ತೇನೆ. ಆಗಲೂ ಹೀಗೇ ಇದ್ದರೆ ಹುಚ್ಚಾಸ್ಪತ್ರೆಗೆ ಸೇರಿಸಿಯೇ ಹೋಗುದು.”

ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎನ್ನುತ್ತಾರೆ. ನನಗೆ ಮಾತೂ ಬರುತ್ತಿತ್ತು, ಜಗಳವೂ ಬರುತ್ತಿತ್ತು, ಆದರೆ ಆ ಹೊತ್ತು ಎರಡೂ ಬಾಯಿಗೆ ಬರಲಿಲ್ಲ. ಆಸ್ಪತ್ರೆಗೆ ಸೇರಿದರೆ ಅತ್ತೆಯ ಮಡಿ ಯಾರು ನೋಡುತ್ತಾರೆ, ಗಂಜಿಯನ್ನಾದರೂ ಯಾರ ಕೈಯಿಂದ ಕುಡಿಯುತ್ತಾರೆ? ಅಲ್ಲಿ ಅವರು ಉಪವಾಸದಿಂದಲೇ ಹೋಗಿಬಿಡುತ್ತಾರೆ, ಮತ್ತು ಹೋಗುವಾಗಲೂ ನಾನು ಮದ್ದು ಹಾಕಿದೆ ಎಂದು ನಂಬಿಕೊಂಡೇ ಹೋಗುತ್ತಾರೆ. ಈ ಎರಡನೆಯದು ನನ್ನ ಎದೆಗೆ ಕಲ್ಲಿನ ಹಾಗೆ ಕೂತಿತು.

ಬಸಿರಿನ ಪರೀಕ್ಷೆಗೆ ನಾನು ತಾಂಬರಂನ ಒಬ್ಬ ಲೇಡಿ ಡಾಕ್ಟರ ಬಳಿ ಹೋಗುತ್ತಿದ್ದೆ. ತಲೆಮಾರುಗಳ ಹಿಂದೆ ಮೈಸೂರು ಸೀಮೆಯಿಂದ ಮದರಾಸಿಗೆ ಬಂದು ನೆಲೆಸಿದ ವೈಷ್ಣವರ ಮನೆಯ ಹೆಣ್ಣುಮಗಳು. ಹಣೆಯಲ್ಲಿ ಕೆಂಪು ಗೆರೆ, ಕನ್ನಡದೊಳಗೆ ಅರ್ಧ ತಮಿಳು. ಆ ಸಲ ನನ್ನ ನಾಡಿ ಹಿಡಿದವರು, “ಯಾಕಮ್ಮಾ ಇಷ್ಟು ಇಳೈಚ್ಚು ಹೋಗಿದೀಯ? ಸೊರಗಿದ್ದೀಯ. ಮನೇಲಿ ಏನು ವಿಷಯ?” ಎಂದರು. ಅಷ್ಟು ಸಾಕಾಯಿತು. ಕಟ್ಟೆಯೊಡೆದ ಹಾಗೆ ಎಲ್ಲವನ್ನೂ ಹೇಳಿ ಅತ್ತುಬಿಟ್ಟೆ.

ಅವರು ಸಮಾಧಾನ ಮಾಡುತ್ತಾರೆಂದುಕೊಂಡಿದ್ದೆ. ಅದರ ಬದಲು ಪ್ರಶ್ನೆ ಕೇಳತೊಡಗಿದರು. ನಾಲಿಗೆ ಎರಿಯುತ್ತೆ, ಉರಿಯುತ್ತೆ ಅಂತಾರಾ? ಕೆಂಪಗಿದೆಯಾ? ಕತ್ತಲಲ್ಲಿ ನಡೆಯುವಾಗ ಹೆಚ್ಚು ತಡವರಿಸುತ್ತಾರಾ? ಸ್ನಾನಕ್ಕೆ ಕಣ್ಣು ಮುಚ್ಚಿ ತಲೆಗೆ ನೀರು ಹೊಯ್ದುಕೊಂಡಾಗ ಓಲಾಡುತ್ತಾರಾ? ನನಗೆ ಆಶ್ಚರ್ಯವಾಯಿತು. ಎಲ್ಲದಕ್ಕೂ ಹೌದು ಹೌದು ಎಂದೆ. ಮನೆಯಲ್ಲಿ ನಾವು ಯಾರೂ ಅತ್ತೆಯ ಕಾಲಿನ ಮಾತನ್ನು ಕಾಲಿನ ಮಾತೆಂದು ಕೇಳಿಯೇ ಇರಲಿಲ್ಲ, ತಲೆಯ ಮಾತೆಂದೇ ಕೇಳಿದ್ದೆವು.

“ಸೆರಿ, ಭಾನುವಾರ ನಾನೇ ಬರ್ತೀನಿ” ಎಂದರು.

“ಅವರು ಮುಟ್ಟಲಿಕ್ಕೆ ಬಿಡುದಿಲ್ಲ ಡಾಕ್ಟ್ರೇ. ಮಡಿ.”

“ನಮ್ಮ ಪಾಟಿ, ನಮ್ಮಜ್ಜಿ ಮಡಿ ನೋಡಿಯೇ ಬೆಳೆದವಳು ನಾನು, ಬಿಡು.”

ಭಾನುವಾರ ಬಂದೇ ಬಂದರು. ಆ ದಿನವನ್ನು ನೆನೆದರೆ ಇವತ್ತಿಗೂ ಕೈ ತಾನಾಗಿ ಮುಗಿಯುತ್ತದೆ. ತಮ್ಮ ಚರ್ಮದ ಬ್ಯಾಗನ್ನು ಅವರು ಹೊರಗೆ ಜಗಲಿಯಲ್ಲೇ ಇಟ್ಟರು. ಬಟ್ಟೆಯ ಚೀಲದಲ್ಲಿ ಮಡಿಗೆಂದು ಒಂದು ರೇಷ್ಮೆಯ ಪಟ್ಟೆ ಸೀರೆ ತಂದಿದ್ದರು. ನಮ್ಮ ಬಾವಿಯಿಂದ ತಾವೇ ನೀರು ಸೇದಿ, ಬಚ್ಚಲಲ್ಲಿ ಮಿಂದು, ಪಟ್ಟೆಯುಟ್ಟು, ಒದ್ದೆ ಕೂದಲು ಗಂಟು ಹಾಕಿಕೊಂಡು ಅತ್ತೆಯ ಎದುರು ಬಂದು ಕೂತರು. ಅಷ್ಟು ಓದಿದ ಹೆಂಗಸು! ಯಾವ ಡಾಕ್ಟರು ಹಾಗೆ ಮಾಡುತ್ತಾರೆ ಹೇಳಿ. ಅತ್ತೆ ಅವರನ್ನು ಮೇಲಿನಿಂದ ಕೆಳಗಿನ ತನಕ ನೋಡಿ, “ಇವಳಿಗೆ ಮಡಿ ಗೊತ್ತುಂಟು” ಎಂದು ನನ್ನ ಕಡೆ ತಿರುಗಿದರು.

ನಾಲಿಗೆ ತೋರಿಸಿ ಎಂದರೆ ತೋರಿಸಿದರು. ಅದು ನುಣ್ಣಗೆ, ಹಸಿ ಮಾಂಸದ ಹಾಗೆ ಕೆಂಪಗಿತ್ತು. ನಾನು ಅಷ್ಟು ದಿನ ಅತ್ತೆಯ ಬಾಯಿಂದ ಬಂದ ಮಾತನ್ನು ಕೇಳಿದೆನೇ ಹೊರತು ಬಾಯೊಳಗೆ ನೋಡಿರಲಿಲ್ಲ. ಡಾಕ್ಟರಮ್ಮ ಬತ್ತಿಯ ಬುಟ್ಟಿಯಿಂದ ಅತ್ತೆಯೇ ಹೊಸೆದ ಒಂದು ಬತ್ತಿ ಎತ್ತಿಕೊಂಡರು.

“ಕಣ್ಣು ಮುಚ್ಚಿಕೊಳ್ಳಿ ಅಮ್ಮಾ. ಈ ಬತ್ತಿ ನಿಮ್ಮ ಕಾಲಿಗೆ ತಾಗಿದ ಕೂಡಲೇ ಹೇಳಬೇಕು, ಸೆರಿಯಾ?”

ಅತ್ತೆ ಕಣ್ಣು ಮುಚ್ಚಿದರು. ಡಾಕ್ಟರಮ್ಮ ಬತ್ತಿಯ ತುದಿಯನ್ನು ಹೆಬ್ಬೆರಳಿಗೆ ಮುಟ್ಟಿಸಿದರು, ಅಂಗಾಲಿಗೆ ಮುಟ್ಟಿಸಿದರು, ಹಿಮ್ಮಡಿಗೆ, ಕಾಲಗಂಟಿಗೆ. ಅತ್ತೆ ಸುಮ್ಮನೆ ಕಾಯುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಬೇಸರದಿಂದ, “ಎಂತ ಮಾರಾಯ್ತಿ, ಶುರು ಮಾಡುದಿಲ್ವಾ?” ಎಂದರು.

ನಾನು ಬಾಗಿಲ ಚೌಕಟ್ಟು ಹಿಡಿದುಕೊಂಡೆ. ಯಜಮಾನರು ಮುಖ ಆಚೆ ತಿರುಗಿಸಿಕೊಂಡರು.

“ಅಮ್ಮಾ, ನೀವು ಹೇಳ್ತಿರೋದು ನಿಜ” ಎಂದರು ಡಾಕ್ಟರಮ್ಮ. “ನಿಮ್ಮ ಕಾಲು ಮರಗಟ್ಟಿದೆ. ದಪ್ಪಗೆ ಏನೋ ಅಂಟಿದ ಹಾಗೆಯೇ ಅನ್ನಿಸೋದು. ನಾಲಿಗೆಯೂ ಎರಿಯುತ್ತೆ, ಅದೂ ನಿಜ.”

ಎಷ್ಟೋ ತಿಂಗಳ ಮೇಲೆ ಯಾರೋ ಒಬ್ಬರು ಅವರಿಗೆ ನಿಜ ಎಂದದ್ದು. ಅತ್ತೆ ಸೆರಗಿನಿಂದ ಕಣ್ಣೊತ್ತಿಕೊಂಡರು.

ಅತ್ತೆಯ ಬೆರಳು ಚುಚ್ಚಿ ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ತೆಗೆದುಕೊಂಡು, ಅವರು ನಮ್ಮನ್ನು ಜಗಲಿಗೆ ಕರೆದರು. ಅತ್ತೆ ಏನು ತಿನ್ನುತ್ತಾರೆಂದು ಕೇಳಿದರು. ಹೇಳಿದೆ. ಹಾಲು? ಇಲ್ಲ. ಮೊಸರು? ಇಲ್ಲ. ಯಾಕೆ? ಆಗ ಗಯೆಯ ಕಥೆ ಹೇಳಿದೆ. ಅವರು ಹಣೆ ಚಚ್ಚಿಕೊಂಡರು. ಬಿ ಹನ್ನೆರಡು ಎಂಬ ಒಂದು ವಿಟಮಿನ್ ಉಂಟಂತೆ. ಮಾಂಸ ತಿನ್ನುವವರಿಗೆ ಮಾಂಸದಲ್ಲಿ, ಮೊಟ್ಟೆಯಲ್ಲಿ ಸಿಗುತ್ತದೆ. ನಮ್ಮಂಥವರಿಗೆ ಹಾಲು ಮೊಸರೇ ಗತಿ. ಅದೂ ಇಲ್ಲವಾದರೆ ಮೈಯಲ್ಲಿ ಕೂಡಿಟ್ಟದ್ದು ವರ್ಷಗಟ್ಟಲೆ ಕರಗುತ್ತಾ ಬಂದು ಒಂದು ದಿನ ಬರಿದಾಗುತ್ತದೆ. ಆಗ ರಕ್ತ ಕೆಡುತ್ತದೆ, ನಾಲಿಗೆ ಕೆಡುತ್ತದೆ, ನರ ಒಣಗುತ್ತದೆ, ಕೊನೆಗೆ ಬುದ್ಧಿಯೂ ಕದಡುತ್ತದೆ. ಉರಿಯುವ ನಾಲಿಗೆಗೆ ಕದಡಿದ ಬುದ್ಧಿ ಒಂದು ಕಾರಣ ಹುಡುಕಿ, ಸೊಸೆ ಮದ್ದು ಹಾಕಿದಳು ಎಂದಿತು. ಮರಗಟ್ಟಿದ ಕಾಲಿಗೆ ತೊಗಲು ಎಂದಿತು. ನಾವು ಅದನ್ನು ಮಡಿಯ ಹುಚ್ಚು ಎಂದೆವು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ, ಅತ್ತೆಯ ರಕ್ತದ ದೋಷಕ್ಕೆ ನನ್ನ ಬಾಯಿ, ಊರಿನ ಗಾಳಿ, ಬಡಪಾಯಿ ದೆವ್ವ ಎಲ್ಲರಿಗೂ ಬರೆ ಬಿದ್ದಿತ್ತು.

ಯಜಮಾನರು ಅಲ್ಲಿಯೇ ಕಂಬಕ್ಕೆ ಒರಗಿ ಕೂತುಬಿಟ್ಟರು. “ಬೆಳಗಾದರೆ ಊರಿನವರಿಗೆಲ್ಲ ಹಾಲು ಕಾಯಿಸಿ ಕಾಫಿ ಕೊಡುವವ ನಾನು” ಎಂದರು.

ಎಲ್ಲರ ಮನಸ್ಸಿನ ಕಾಯಿಲೆಗೂ ಹೀಗೊಂದು ಸುಲಭದ ಕಾರಣ ಇರುತ್ತದೆ ಎಂದು ನಾನು ಹೇಳುವುದಿಲ್ಲ. ಆಮೇಲಿನ ವರ್ಷಗಳಲ್ಲಿ, ಯಾವ ಪರೀಕ್ಷೆಗೂ ಸಿಗದ, ಯಾವ ಸೂಜಿಗೂ ಬಗ್ಗದ ಕಷ್ಟಗಳನ್ನು ನಮ್ಮ ಬಂಧುಗಳಲ್ಲೇ ಕಂಡಿದ್ದೇನೆ. ಅವರಿಗೂ ಆಸ್ಪತ್ರೆ ಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ಯಾರಾದರೂ ಒಬ್ಬರ ಬುದ್ಧಿ ಕೆಟ್ಟಿತು ಎಂದು ಕಿವಿಗೆ ಬಿದ್ದರೆ, ಮೊದಲು ಅವರ ನಾಲಿಗೆ ನೋಡಿ, ಕಾಲು ಮುಟ್ಟಿ ನೋಡಿ, ಏನು ತಿನ್ನುತ್ತಾರೆ ಕೇಳಿ ಎಂದು ಈಗಲೂ ಹೇಳುತ್ತೇನೆ. ಮೈ ಬೇರೆ, ಮನಸ್ಸು ಬೇರೆ ಎಂದು ಎರಡು ಕೋಣೆ ಮಾಡಿ ಬೀಗ ಹಾಕಿದವರು ನಾವು. ಒಳಗೆ ಇರುವವರು ಒಬ್ಬರೇ ಅಲ್ಲವೇ?

ಮುಂದಿನ ಭಾನುವಾರ ಡಾಕ್ಟರಮ್ಮ ಮತ್ತೆ ಬಂದರು. ರಕ್ತದ ಪರೀಕ್ಷೆ ಅವರ ಊಹೆ ಸರಿ ಎಂದು ಹೇಳಿತ್ತಂತೆ. ಕೈಯಲ್ಲಿ ಸೂಜಿ, ಒಂದು ಸಣ್ಣ ಶೀಶೆ, ಅದರಲ್ಲಿ ದಾಸವಾಳದ ಬಣ್ಣದ ಕೆಂಪು ಔಷಧಿ. ಅತ್ತೆ ಹಿಂದೆ ಸರಿದರು.

“ಅದೆಂತ, ರಕ್ತವಾ?”

“ರಕ್ತ ಅಲ್ಲಮ್ಮಾ, ಮಾಂಸವೂ ಅಲ್ಲ. ಪಾತ್ರೆಯಲ್ಲಿ ಹುಳಿ ಬರಿಸಿ ತೆಗೀತಾರೆ. ಹಾಲಿಗೆ ಹೆಪ್ಪು ಹಾಕಿ ಮೊಸರು ಮಾಡೋ ಹಾಗೆ ಇಟ್ಟುಕೊಳ್ಳಿ.”

ಹೇಳಬಾರದಿತ್ತು! ಅತ್ತೆಯ ಮುಖ ಬಾಗಿಲು ಹಾಕಿದ ಹಾಗಾಯಿತು. “ಮೊಸರಿನ ಹಾಗೆ ಅಂದ್ರೆ ನಂಗೆ ಆಗುದಿಲ್ಲ. ಗಯೆಯಲ್ಲಿ ಬಿಟ್ಟದ್ದು. ಅವರ ಹೆಸರಲ್ಲಿ ಬಿಟ್ಟದ್ದು.”

ಡಾಕ್ಟರಮ್ಮ ಮೊಸರಲ್ಲ, ಮೊಸರಿನ ಹಾಗೆ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಯಜಮಾನರು ಕೈಮುಗಿದರು. ಅದಕ್ಕೂ ಇಲ್ಲ. ದೀಪಾವಳಿ ಹತ್ತಿರ ಬರುತ್ತಿತ್ತು. ಭಾವ ಬಂದು ಟ್ಯಾಕ್ಸಿ ತರಿಸುವುದು, ಅತ್ತೆ ಬಾಗಿಲು ಹಿಡಿದು ಕೂಗುವುದು ಎಲ್ಲ ಕಣ್ಣಿಗೆ ಕಟ್ಟಿತು. ನನ್ನ ಪಿತ್ತ ನೆತ್ತಿಗೇರಿತು.

“ಅತ್ತೆ! ಗಯೆಯಲ್ಲಿ ನೀವು ಬಿಟ್ಟದ್ದು ಎಲ್ಲಿಂದ? ಬಾಯಿಂದ. ಇದು ಬಾಯಿಗೆ ಹಾಕುದಾ? ತೋಳಿಗೆ ಚುಚ್ಚುದು. ನಿಮ್ಮ ತೋಳು ಗಯೆಯಲ್ಲಿ ಎಂತಾದ್ರೂ ಬಿಟ್ಟಿತ್ತಾ?”

ದೊಡ್ಡವರ ವ್ರತದ ಬಗ್ಗೆ ಆಡುವ ಮಾತಲ್ಲ ಅದು. ಅತ್ತೆ ನನ್ನನ್ನೇ ದಿಟ್ಟಿಸಿದರು. ಆಮೇಲೆ ಅವರ ಕೆನ್ನೆಯಲ್ಲಿ ಹಳೆಯ ಗೆರೆಯೊಂದು ಮೂಡಿತು.

“ಕಾಣಿ ಡಾಕ್ಟ್ರೇ, ಇವಳ ಬಾಯಿ ಕಾಣಿ. ಇದಕ್ಕೆಂತ ಮದ್ದಿಲ್ವಾ?” ಎನ್ನುತ್ತಾ ಸೆರಗು ಸರಿಸಿ ತೋಳು ಮುಂದೆ ಮಾಡಿದರು.

ಅಲ್ಲಿಂದ ಮುಂದೆ ಡಾಕ್ಟರಮ್ಮ ತಪ್ಪದೆ ಬಂದರು, ಪ್ರತಿ ಸಲವೂ ಬಾವಿಯ ನೀರಲ್ಲಿ ಮಿಂದೇ ಒಳಗೆ ಕಾಲಿಟ್ಟರು. ಮೊದಲು ಬೆಳಕು ಬಂದದ್ದು ಅತ್ತೆಯ ಕಣ್ಣಿಗೆ. ಕೂತಲ್ಲಿಂದ ಎದ್ದು ಕಿಟಕಿಯ ಬಳಿ ಬಂದು, ಯಾವ ಟ್ರೇನು ಹೋಯಿತು ಎಂದು ಕೇಳತೊಡಗಿದರು. ಸ್ನಾನ ಕಡಿಮೆಯಾಯಿತು. ಬತ್ತಿಗಳು ಸಪೂರವಾಗುತ್ತ ಬಂದವು. ಒಮ್ಮೆ ಒಂದು ಪೊಟ್ಟಣ ಕಟ್ಟಿ ಡಾಕ್ಟರಮ್ಮನ ಸೆರಗಿಗೆ ಹಾಕಿ, “ನಿಮ್ಮ ದೇವರ ಮುಂದೆ ಹಚ್ಚಿ” ಎಂದರು. ಆ ಪೊಟ್ಟಣ ಕೊಡುವ ಕ್ರಮ ಅತ್ತೆ ಇರುವ ತನಕ ನಡೆಯಿತು.

ಒಂದು ಬೆಳಿಗ್ಗೆ ಮಿಂದು ಬಂದವರು ಅಡಿಗೆಮನೆಯ ಹೊಸ್ತಿಲ ಬಳಿ ನಿಂತರು. ನನ್ನ ಜೀವ ಹಾರಿತು, ಮತ್ತೆ ತೊಗಲೇ ಎಂದು. ಅವರು ಒಂದು ಕಾಲು ಎತ್ತಿ ಇಟ್ಟರು, ಇನ್ನೊಂದು ಎತ್ತಿ ಇಟ್ಟರು.

“ನೆಲ ತಣ್ಣಗುಂಟು” ಎಂದರು, ಮೆಲ್ಲನೆ.

ಆದರೂ ಗಂಜಿಯ ಪಾತ್ರೆ ಮಾತ್ರ ಬೇರೆಯೇ ಉಳಿದಿತ್ತು. ನನ್ನ ಅಡಿಗೆಯನ್ನು ಅವರು ಮುಟ್ಟಲಿಲ್ಲ, ನಾನೂ ಒತ್ತಾಯ ಮಾಡಲಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂಬ ಹೆದರಿಕೆ.

ನರಕ ಚತುರ್ದಶಿಯ ದಿನ ಬೆಳಿಗ್ಗೆ ಭಾವ ಬಂದರು. ಬರುವಾಗಲೇ ಮುಖ ಗಂಟು. ಅತ್ತೆಯ ಹತ್ತಿರ ಹೋಗಿ, ಮಕ್ಕಳಿಗೆ ಹೇಳುವ ಹಾಗೆ ಒಂದೊಂದೇ ಶಬ್ದ ಬಿಡಿಸಿ, “ಅಮ್ಮಾ, ನಾನು, ಯಾರು, ಗೊತ್ತಾಯ್ತಾ?” ಎಂದು ಕೂಗಿದರು.

“ಎಂತಕ್ಕೆ ಬೊಬ್ಬೆ ಹೊಡೀತಿ? ಕಾಲು ಮರಗಟ್ಟಿದ್ದು ಮಗಾ, ಕಿವಿ ಅಲ್ಲ. ಹೋಗು, ಎಣ್ಣೆ ಹಚ್ಚಿ ಮಿಂದು ಬಾ.”

ಭಾವ ಪೆಚ್ಚಾದರು. ಯಜಮಾನರು ಎಲ್ಲವನ್ನೂ ಹೇಳಿದರೂ ಅವರಿಗೆ ಪೂರ್ತಿ ನಂಬಿಕೆ ಬರಲಿಲ್ಲ. “ಮಾತು ಸರಿ ಉಂಟು. ಆದರೆ ಊಟ ಇನ್ನೂ ಬೇರೆ ಮಾಡ್ತಾರಲ್ಲ? ಆ ಸಂಶಯ ಇರುವ ತನಕ ಕಾಯಿಲೆ ಹೋಗಲಿಲ್ಲ” ಎಂದರು. ನನಗೆ ಸಿಟ್ಟು ಬಂತು. ಆದರೆ ಆ ಮಾತು ಸುಳ್ಳಲ್ಲ ಎಂಬುದೇ ನನ್ನ ಸಂಕಟವಾಗಿತ್ತು.

ಗಂಡಸರ ಊಟವಾಯಿತು. ಅತ್ತೆ ಎಂದಿನ ಹಾಗೆ ಕೊನೆಗೆ ಒಳಗೆ ಬಂದು ತಮ್ಮ ಜಾಗದಲ್ಲಿ ಕೂತರು. ಗಂಜಿಯ ಪಾತ್ರೆ ಅಂದು ಒಲೆಯ ಮೇಲಿರಲಿಲ್ಲ, ತೊಳೆದು ಕವುಚಿಟ್ಟಿತ್ತು. ಎಲೆಯನ್ನು ತಾವೇ ಹಾಸಿಕೊಂಡು ನೀರು ಚಿಮುಕಿಸಿದರು.

“ಎಂತ ನೋ‌ಡ್ತಿ? ಬಡಿಸು.”

“ಯಾವುದು ಅತ್ತೆ?”

“ನೀನು ಮಾಡಿದ್ದೇ.”

ಅನ್ನ ಬಡಿಸಿದೆ. ಸಾರು ಹಾಕುವಾಗ ಎಲೆಯ ಆಚೆ ಚೆಲ್ಲಿತು. ಕೈ ತೊಳೆದು ಬಂದ ಭಾವ ಬಾಗಿಲಲ್ಲಿ ನಿಂತಿದ್ದರು. ಅತ್ತೆ ಕಲಸಿ ಒಂದು ತುತ್ತು ಬಾಯಿಗಿಟ್ಟರು. ನಿಧಾನ ಅಗಿದರು, ನುಂಗಿದರು. ಇನ್ನೊಂದು ತುತ್ತು. ಆಮೇಲೆ ತಲೆಯೆತ್ತದೆ ದೊಡ್ಡ ಮಗನಿಗೆ ಹೇಳಿದರು:

“ಇವಳು ನಂಗೆ ಎಂತದೂ ಹಾಕಿರಲಿಲ್ಲ ಮಗಾ. ನನ್ನ ನಾಲಿಗೆಯೇ ನಂಗೆ ಸುಳ್ಳು ಹೇಳಿದ್ದು.”

ನಾನು ಸೌಟು ಹಿಡಿದು ನಿಂತೇ ಇದ್ದೆ. ಹೊಟ್ಟೆಯೊಳಗೆ ಮಗು ಹೊರಳಿತು. ಅತ್ತೆ ಮೂರನೆಯ ತುತ್ತಿಗೆ ಮುಖ ಸ್ವಲ್ಪ ಹುಳ್ಳಗೆ ಮಾಡಿ ನನ್ನ ಕಡೆ ನೋಡಿದರು.

“ಸಾರಿಗೆ ಉಪ್ಪು ಕಮ್ಮಿ, ಮಾರಾಯ್ತಿ. ಎಷ್ಟು ಸಲ ಕಲಿಸುದು ನಿಂಗೆ?”

ನನ್ನ ಅಡಿಗೆಯನ್ನು ಹೊಗಳಿದವರು ಆಮೇಲೆ ಎಷ್ಟೋ ಜನ. ಯಾವ ಹೊಗಳಿಕೆಗೂ ನಾನು ಹಾಗೆ ಗೊಳೋ ಎಂದು ಅತ್ತದ್ದಿಲ್ಲ. ಕಣ್ಣೀರಲ್ಲಿ ಉಪ್ಪು ತುಂಬಿಟ್ಟ ಮರದ ಮರಿಗೆ ಎಲ್ಲಿದೆಯೆಂದೇ ಕಾಣಲಿಲ್ಲ. ಕೊನೆಗೆ ಭಾವನೇ ಒಳಗೆ ಬಂದು, ಅದನ್ನು ತೆಗೆದು ನನ್ನ ಕೈಗೆ ಕೊಟ್ಟರು.